ಒಲೆಯ ಬದಿಯಲ್ಲಿ ಕೂರುವವರು ಯಾರು?

ಪ್ರಶ್ನೆ: ಮೇಡಂ, ನಮ್ಮದು ಉಡುಪಿಯ ಹತ್ತಿರ ಕಲ್ಯಾಣಪುರದಲ್ಲಿರುವ ಹಳೆಯ ಹಂಚಿನ ಮನೆ. ಮಾವನವರ ತಂದೆ ಕಟ್ಟಿಸಿದ್ದು. ಮುರಕಲ್ಲಿನ ಗೋಡೆ, ಕೆಂಪು ನೆಲ. ಚಾವಡಿಗೆ ಮರದ ಮುಚ್ಚಿಗೆ ಇದೆ, ಅಡುಗೆಮನೆಗೆ ಇಲ್ಲ. ಅಡುಗೆಮನೆಯ ನೈಋತ್ಯ ಮೂಲೆಯಲ್ಲಿ ಪಡುಗೋಡೆಯ ಉದ್ದಕ್ಕೆ 7 ಅಡಿ, ತೆಂಕುಗೋಡೆಯ ಉದ್ದಕ್ಕೆ ಐದೂವರೆ ಅಡಿ ಜಾಗವಿದೆ. ತೆಂಕುಗೋಡೆಗೆ ತಾಗಿ ಕಟ್ಟಿಗೆ ಒಲೆಯ ಕಟ್ಟೆ ಇದೆ. 4 ಅಡಿ ಉದ್ದ, 2 ಅಡಿ ಅಗಲ, ಮೊಣಕಾಲಿನಷ್ಟು ಎತ್ತರ. ದಿನದ ಅಡುಗೆ ಗ್ಯಾಸಿನಲ್ಲಿ. ಕೃಷ್ಣಾಷ್ಟಮಿಗೆ ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಕಡುಬು) ಬೇಯಿಸಲು, ಇನ್ನು ವರ್ಷಕ್ಕೆ ಮೂರು ನಾಲ್ಕು ಸಲ ಮಾತ್ರ ಆ ಒಲೆಗೆ ಬೆಂಕಿ ಹಾಕುತ್ತೇವೆ. ಆದರೆ 82 ವರ್ಷದ ಅತ್ತೆಯವರು ಬೆಳಿಗ್ಗೆ ಆರಕ್ಕೆ ಆ ಒಲೆಯ ಬದಿಯಲ್ಲೇ ಮಣೆ ಹಾಕಿ ಕೂರುತ್ತಾರೆ. ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚುತ್ತಾರೆ, ಅಲ್ಲೇ ಗಂಜಿ ಉಣ್ಣುತ್ತಾರೆ.

ಬೆಂಗಳೂರಿನಲ್ಲಿರುವ ಮಗ ಈ ಮೂಲೆಯನ್ನು ಕುಳಿತು ತಿನ್ನುವ ಜಾಗವನ್ನಾಗಿ ಮಾಡಿಸಲು ಮಂಗಳೂರಿನ ಯುವ ವಿನ್ಯಾಸಕರೊಬ್ಬರನ್ನು ಗೊತ್ತು ಮಾಡಿದ್ದಾನೆ. ಅವರು ತಂದ ನಕ್ಷೆಯಲ್ಲಿ ಒಲೆ ಇಲ್ಲ. ಎರಡೂ ಗೋಡೆಗೆ ತಾಗಿದ ‘ಎಲ್’ ಆಕಾರದ ಪೆಟ್ಟಿಗೆ ಬೆಂಚು, ಅದರೊಳಗೆ ಒಂದು ಕಡೆ ಗ್ಯಾಸ್ ಸಿಲಿಂಡರ್, ಮೇಲೆ ಗೋಡೆ ಕಪಾಟು, ಗೋಡೆಗೆ ಟೈಲ್ಸ್, ಹಂಚಿನ ಕೆಳಗೆ ಜಿಪ್ಸಮ್ ಸೀಲಿಂಗ್. ನಾಲ್ಕು ಜನ ಕೂರಬಹುದು ಎನ್ನುತ್ತಾರೆ. ಒಳ್ಳೆಯ ಹುಡುಗ, ಮರ್ಯಾದೆಯಿಂದ ಮಾತನಾಡುತ್ತಾರೆ. ಆದರೆ ನಾನು ಏನಾದರೂ ಹೇಳಲು ಹೊರಟರೆ ಮೊಬೈಲಿನಲ್ಲಿ ಇನ್ನೊಂದು ಚಿತ್ರ ತೋರಿಸುತ್ತಾರೆ. ಪಡುಗೋಡೆಯಲ್ಲಿ ಪ್ರತಿ ಮಳೆಗಾಲ ಬಿಳಿ ಪುಡಿ ಏಳುತ್ತದೆ. ಮಳೆಗೆ ಮೊದಲು ಕೆಲಸ ಮುಗಿಯಲಿ ಎಂದು ಮಗನ ಒತ್ತಾಯ. ಅತ್ತೆ ಏನೂ ಹೇಳುವುದಿಲ್ಲ. ಒಲೆ ತೆಗೆಸುವುದು ಸರಿಯೇ? ಆ ಹುಡುಗನಿಗೆ ಬೇಸರವಾಗದಂತೆ ಹೇಗೆ ಹೇಳಲಿ?
— ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ನೀವು ಕಳುಹಿಸಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ಅದರಲ್ಲಿ ನಾಲ್ಕು ಜನ ಕೂರುವ ಜಾಗವನ್ನು ಅಚ್ಚುಕಟ್ಟಾಗಿ ಗುರುತಿಸಿದ್ದಾರೆ. ನಿಮ್ಮ ಅತ್ತೆಯವರ ಮಣೆಯ ಜಾಗವನ್ನು ನಾನು ಹುಡುಕಿದೆ. ಅದು ಎಲ್ಲೂ ಇಲ್ಲ.

ಕೆಲವು ವರ್ಷಗಳ ಹಿಂದೆ ಮೂಲ್ಕಿಯ ಹತ್ತಿರದ ಒಂದು ಮನೆಗೆ ಇಂಥದೇ ಕೆಲಸಕ್ಕೆ ಹೋಗಿದ್ದೆ. ಅಳತೆ ತೆಗೆದು, ನಕ್ಷೆ ಮಾಡಿ, ಒಲೆಯ ಕಟ್ಟೆ ಒಡೆಯುವ ದಿನವನ್ನೂ ಗೊತ್ತು ಮಾಡಿಯಾಗಿತ್ತು. ಹಿಂದಿನ ದಿನ ಬೆಳಿಗ್ಗೆ ಬೇರೆ ಯಾವುದೋ ಕಾರಣಕ್ಕೆ ಆ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದೆ. ಕಟ್ಟೆಯ ಅಂಚಿನಲ್ಲಿ ಒಂದು ಅಂಗೈ ಅಗಲದ ಜಾಗ ಕಣ್ಣಿಗೆ ಬಿತ್ತು. ಉಳಿದ ಅಂಚೆಲ್ಲ ಮಸಿ ಹಿಡಿದು ಒರಟಾಗಿದ್ದರೆ ಅಷ್ಟು ಜಾಗ ಮಾತ್ರ ಎಣ್ಣೆ ತಿಕ್ಕಿದಂತೆ ಹೊಳೆಯುತ್ತಿತ್ತು, ಬೆರಳಿಟ್ಟರೆ ತುಸು ತಗ್ಗಾಗಿತ್ತು. ಇದೇನು ಎಂದು ಕೇಳಿದೆ. ಅಜ್ಜಿ ಬಾಯಿಂದ ಏನೂ ಹೇಳಲಿಲ್ಲ. ಎಡ ಅಂಗೈಯನ್ನು ಅಲ್ಲಿ ಊರಿ, ಬಲಗೈಯನ್ನು ಮೊಣಕಾಲಿಗೆ ಕೊಟ್ಟು, ಮಣೆಯಿಂದ ಎದ್ದು ನಿಂತು ತೋರಿಸಿದರು. ಮದುವೆಯಾಗಿ ಬಂದಂದಿನಿಂದ ಅವರು ದಿನಕ್ಕೆ ಎಷ್ಟೋ ಸಲ ಹಾಗೆಯೇ ಎದ್ದಿದ್ದರು. ಮರುದಿನ ನಾವು ಕಟ್ಟೆಯನ್ನು ಒಡೆಯಲಿಲ್ಲ.

ನಾಳೆ ಬೆಳಿಗ್ಗೆ ಅತ್ತೆಯವರು ಏಳುವಾಗ ಅವರ ಕೈ ಎಲ್ಲಿ ಹೋಗುತ್ತದೆ ಎಂದು ನೋಡಿ. ಒಲೆ ಉಳಿಯಬೇಕೋ ಬೇಡವೋ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಅವರು ಏನೂ ಹೇಳುವುದಿಲ್ಲ ಎಂದಿದ್ದೀರಿ. ನಮ್ಮ ಕಡೆಯ ಹಿರಿಯ ಹೆಂಗಸರು ‘ಮಕ್ಕಳು ಮಾಡಿಸುವುದು, ಅವರಿಗೆ ಹೇಗೆ ಬೇಕೋ ಹಾಗೆ’ ಎಂದು ಸುಮ್ಮನಾಗುತ್ತಾರೆ. ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ.

ಹಳೆಯದೆಲ್ಲ ಉಳಿಯಬೇಕು ಎಂದು ವಾದಿಸುವವಳು ನಾನಲ್ಲ. ಮುರಿದ ಅಗಳಿ, ಹೊಗೆ ಕುಡಿಯುವ ಬದುಕು, ಬಗ್ಗಿ ಬಗ್ಗಿ ನೋಯುವ ಸೊಂಟ, ಇವನ್ನು ಉಳಿಸಿ ಯಾರಿಗೂ ಪ್ರಯೋಜನವಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋದಾಗಲೆಲ್ಲ ಅಲ್ಲಿನ ಹಳೆಯ ಮನೆಗಳೊಳಗೆ ಬಹಳ ಹೊತ್ತು ನಿಲ್ಲುತ್ತೇನೆ. ಬಿಚ್ಚಿ ತಂದು ಮತ್ತೆ ಜೋಡಿಸಿದ ಆ ಮನೆಗಳನ್ನು ಕಂಡರೆ ಕೈ ಮುಗಿಯಬೇಕು ಎನಿಸುತ್ತದೆ. ಆದರೆ ನಿಮ್ಮ ಅಡುಗೆಮನೆ ನೋಡುವುದಕ್ಕೆ ಇರುವುದಲ್ಲ. ಅಲ್ಲಿ ನಾಳೆಯೂ ಗಂಜಿ ಬೇಯಬೇಕು. ಆದ್ದರಿಂದ ನಾನು ಕೇಳುವುದು ಒಂದೇ: ಆ ಮೂಲೆಯಲ್ಲಿ ಈಗ ಯಾವ ಕೆಲಸ ನಡೆಯುತ್ತಿದೆ, ಯಾರ ಕೈಯಿಂದ?

ಅದಕ್ಕೆ ಒಂದು ವಾರ ಸಾಕು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿ. ಯಾರು ಎಷ್ಟು ಗಂಟೆಗೆ ಬಂದರು, ಎಲ್ಲಿ ಕುಳಿತರು, ಕೈಯಲ್ಲಿ ಏನಿತ್ತು, ದೀಪ ಹಾಕಿದರೋ, ಬಿಸಿ ಪಾತ್ರೆಯನ್ನು ಎಲ್ಲಿ ಇಳಿಸಿದರು. ‘ಹಾಲಿನವರು ಬಂದಾಗ ತಪಲೆ ಇಟ್ಟದ್ದು ಒಲೆಯ ಕಟ್ಟೆಯ ಮೇಲೆ’ ಎಂಬಂಥ ಸಾಲು ವಿನ್ಯಾಸಕರಿಗೆ ಹತ್ತು ಚಿತ್ರಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಾವು ಇಂದು ಮಾಡ್ಯುಲರ್ ಎಂದು ಕರೆಯುವ ಅಡುಗೆಮನೆಯ ಮೂಲ ಮಾದರಿಯನ್ನು 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಮನೆಗಳಿಗೆ ರೂಪಿಸಿದವರು ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ. ಅವರೂ ಮೊದಲು ಅಳೆದದ್ದು ಕೆಲಸವನ್ನೇ: ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂಬುದನ್ನು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಆ ಅಡುಗೆಮನೆ ಒಬ್ಬಳೇ ಹೆಂಗಸು ನಿಂತು ಕೆಲಸ ಮುಗಿಸುವುದಕ್ಕೆ ಮಾಡಿದ್ದು. ನಮ್ಮ ಅಡುಗೆಮನೆಯಲ್ಲಿ ಒಬ್ಬರು ಕಾಯಿ ಹೆರೆಯುವಾಗ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಮಾತನಾಡುತ್ತಾರೆ. ಆ ಮಾದರಿ ಹಾಗೆಯೇ ನಮ್ಮಲ್ಲಿಗೆ ಬಂದಾಗ ಹೊರಗೆ ಉಳಿಯುವವರು ಕುಳಿತವರು, ಹೆಚ್ಚಾಗಿ ಮನೆಯ ಹಿರಿಯರು.

ಈಗ ಜಾಗದ ಲೆಕ್ಕ. ‘ಎಲ್’ ಬೆಂಚಿನಲ್ಲಿ ಒಳಮೂಲೆಯ ಒಂದೂವರೆ ಅಡಿ ಚೌಕ ಕಾಲು ಚಾಚಲು ಬಾರದ ಜಾಗ. ಅಲ್ಲಿ ಕುಳಿತವರು ಹೊರಗೆ ಬರಬೇಕಾದರೆ ಪಕ್ಕದವರು ಏಳಬೇಕು. ಅದನ್ನು ಕಳೆದರೆ ಒಂದು ತೋಳಿನಲ್ಲಿ ಇಬ್ಬರು, ಇನ್ನೊಂದರಲ್ಲಿ ಇಬ್ಬರು. ಒಲೆಯನ್ನು ಉಳಿಸಿಕೊಂಡರೂ ನಾಲ್ವರಿಗೆ ಜಾಗ ಸಿಗುತ್ತದೆ. ಪಡುಗೋಡೆಯ 7 ಅಡಿಯಲ್ಲಿ ಒಲೆಯ ಕಟ್ಟೆ 2 ಅಡಿ ತೆಗೆದುಕೊಂಡಿದೆ, ಉಳಿದದ್ದು 5 ಅಡಿ. ಒಲೆಗೆ ತಾಗುವ ಒಂದು ಅಡಿಯನ್ನು ಮುರಕಲ್ಲಿನಲ್ಲಿ ಕಟ್ಟಿಸಿ ಮೇಲೆ ಕಡಪಾ ಕಲ್ಲು ಹಾಕಿಸಿ. ಬೆಂಕಿ ಹಾಕಿದ ದಿನ ಮರಕ್ಕೆ ಶಾಖ ತಾಗುವುದಿಲ್ಲ, ಉಳಿದ ದಿನ ಬಿಸಿ ಪಾತ್ರೆ ಇಳಿಸಲು ಆಗುತ್ತದೆ. ಮಿಕ್ಕ 4 ಅಡಿ ಮರದ ಬೆಂಚು. ಒಬ್ಬರಿಗೆ 2 ಅಡಿ ಅಗಲ ಬೇಕು, ಹಾಗಾಗಿ ಇಬ್ಬರು ಆರಾಮವಾಗಿ ಕೂರುತ್ತಾರೆ. ಎದುರಿಗೆ 4 ಅಡಿ ಉದ್ದ, ಎರಡೂಕಾಲು ಅಡಿ ಅಗಲದ ಮೇಜು, ಅದರಡಿಗೆ ಸೇರಿಸಿಡಬಹುದಾದ ಎರಡು ಸ್ಟೂಲು. ಬೆಂಚಿನ ಎತ್ತರ 18 ಇಂಚು, ಮೇಜಿನದು 30 ಇಂಚು ಇರಲಿ. ನಡುವಿನ 12 ಇಂಚು ತಪ್ಪಿದರೆ ಊಟ ಮಾಡುವಾಗ ಭುಜ ಏರುತ್ತದೆ, ಇಲ್ಲವೇ ಬೆನ್ನು ಬಾಗುತ್ತದೆ. ಮೇಜಿಗೆ ನಾಲ್ಕು ಮೂಲೆಗೆ ನಾಲ್ಕು ಕಾಲು ಬೇಡ. ನಡುವೆ ಒಂದೇ ದಪ್ಪ ಕಂಬ, ಕೆಳಗೆ ಅಗಲವಾದ ಅಡಿಪಟ್ಟಿ ಇದ್ದರೆ ಬೆಂಚಿಗೆ ಸರಿದು ಕೂರುವಾಗ ಮೊಣಕಾಲು ತಾಗುವುದಿಲ್ಲ. ಮೇಜನ್ನು ನೆಲಕ್ಕೆ ಬಿಗಿಯುವುದೂ ಬೇಡ. ಅಷ್ಟಮಿಯ ದಿನ ಅದನ್ನು ಎಳೆದು ಬದಿಗಿಟ್ಟರೆ ಒಲೆಯ ಮುಂದೆ ಓಡಾಡಲು ಜಾಗವಾಗುತ್ತದೆ.

ಒಲೆಯ ಮೂಡಣ ತುದಿಯಲ್ಲಿ ಅತ್ತೆಯವರು ಕೂರುವಷ್ಟು ನೆಲವನ್ನು ಹಾಗೆಯೇ ಬಿಡಿ. ಅದು ಮಣೆಯ ಜಾಗ. ಮುಂದೆ ಅತ್ತೆಯವರಿಗೆ ನೆಲದಲ್ಲಿ ಕೂರಲು ಕಷ್ಟವಾದರೆ ಅದೇ ಜಾಗಕ್ಕೆ ಕೈ ಇರುವ ಕುರ್ಚಿ ಬರಲಿ. ಹಿರಿಯರನ್ನು ಯಾವತ್ತೂ ಬೆಂಚಿನ ಒಳಬದಿಗೆ ಕೂರಿಸಬೇಡಿ.

ನಿಮ್ಮ ನಕ್ಷೆಯಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಬೆಂಚಿನ ಪೆಟ್ಟಿಗೆಯೊಳಗಿನ ಸಿಲಿಂಡರ್. ಇದರಲ್ಲಿ ಚೌಕಾಸಿಯೇ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಾದರೆ ಅಲ್ಲೇ ತುಂಬಿಕೊಳ್ಳುತ್ತದೆ, ಮಾರು ದೂರದಲ್ಲಿ ಬೆಂಕಿಯ ಒಲೆ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಕೈಗೆ ತಕ್ಷಣ ಸಿಗಬೇಕು, ನೆಲದ ಮಟ್ಟದಲ್ಲೇ ಗಾಳಿ ಹೊರಗೆ ಹೋಗಲು ಕಿಂಡಿ ಇರಬೇಕು. ಸ್ಟವ್ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ರಬ್ಬರ್ ಕೊಳವೆಯ ಮೇಲಿನ ದಿನಾಂಕವನ್ನೂ ಇಂದೇ ನೋಡಿ, ಐದು ವರ್ಷ ಕಳೆದಿದ್ದರೆ ಬದಲಿಸಿ.

ಇನ್ನು ಆ ಬಿಳಿ ಪುಡಿ. 2011ರಲ್ಲಿ ಮಂಗಳೂರಿನ ಬೋಳಾರದ ಒಂದು ಹಳೆಯ ಮನೆಯಲ್ಲಿ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ, ನಿಮಗೆ ಹಾಗಾಗಬಾರದು. ಅಲ್ಲಿಯೂ ಮುರಕಲ್ಲಿನ ಗೋಡೆ, ಅಲ್ಲಿಯೂ ಬಿಳಿ ಪುಡಿ. ಹಳೆಯ ಗಾರೆ ಕೆರೆಸಿ, ಸಿಮೆಂಟು ಬಳಿಸಿ, ನಾಲ್ಕು ಅಡಿ ಎತ್ತರಕ್ಕೆ ಟೈಲ್ಸ್ ಹಾಕಿಸಿ, ಅದಕ್ಕೆ ಒತ್ತಿ ಬೆಂಚು ಕೂರಿಸಿದೆ. ಮೊದಲ ಮಳೆಗಾಲ ಎಲ್ಲರೂ ಹೊಗಳಿದರು. ಎರಡನೆಯ ಮಳೆಗಾಲಕ್ಕೆ ಪುಡಿ ಟೈಲ್ಸಿನ ಮೇಲಂಚಿನಿಂದ ಏಳತೊಡಗಿತು. ಬೆಂಚಿನ ಮುಚ್ಚಳ ತೆಗೆದರೆ ಒಳಗೆಲ್ಲ ಹಸಿರು ಬೂಷ್ಟು. ಮನೆಯವರು ಅದರಲ್ಲಿ ಮಗಳ ಮದುವೆಯ ಸೀರೆಯ ಪೆಟ್ಟಿಗೆ ಇಟ್ಟಿದ್ದರು. ಆ ಅಮ್ಮ ನನಗೆ ಒಂದು ಮಾತೂ ಆಡಲಿಲ್ಲ. ಬೆಂಚು ಬಿಚ್ಚಿ ನನ್ನ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟೆ, ಸೀರೆಯನ್ನು ಮಾತ್ರ ಮತ್ತೆ ತಂದುಕೊಡಲು ನನ್ನಿಂದ ಆಗುವಂತಿರಲಿಲ್ಲ.

ಮುರಕಲ್ಲಿನ ಮೈಯೆಲ್ಲ ರಂಧ್ರ. ಅದು ನೆಲದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಒಣಗುವಾಗ ಆ ನೀರಿನಲ್ಲಿದ್ದ ಲವಣ ಮೇಲ್ಮೈಯಲ್ಲಿ ಬಿಳಿ ಪುಡಿಯಾಗಿ ಉಳಿಯುತ್ತದೆ. ಹಿರಿಯರು ಮರುವಾಯಿ ಚಿಪ್ಪನ್ನು ಸುಟ್ಟ ಸುಣ್ಣದ ಗಾರೆ ಬಳಿಯುತ್ತಿದ್ದರು. ಅದರ ಮೂಲಕ ತೇವ ಹೊರಗೆ ಹೋಗುತ್ತದೆ, ಗೋಡೆ ಉಸಿರಾಡುತ್ತದೆ. ಸಿಮೆಂಟು, ಟೈಲ್ಸ್ ಹಾಕಿದರೆ ತೇವಕ್ಕೆ ಅಲ್ಲಿ ದಾರಿ ಇಲ್ಲ, ದಾರಿ ಸಿಗುವವರೆಗೆ ಮೇಲೇರುತ್ತದೆ. ಆದ್ದರಿಂದ ಮೊದಲು ಹೊರಗಿನಿಂದ ನೋಡಿ. ಪಡುಗೋಡೆಯ ಆಚೆ ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೇ? ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತದೆಯೇ? ಪಾತ್ರೆ ತೊಳೆದ ನೀರು ಎಲ್ಲಿ ನಿಲ್ಲುತ್ತದೆ? ನಮ್ಮಲ್ಲಿ ಮಳೆ ಬೀಸಿಕೊಂಡು ಬರುವುದು ಪಡುವಣದಿಂದಲೇ. ಎಷ್ಟೋ ಮನೆಗಳಲ್ಲಿ ಒಂದು ಅಡಿ ಮಣ್ಣು ತೆಗೆದು, ನೀರು ಹರಿದುಹೋಗಲು ಕಣಿ ಮಾಡಿದ್ದೇ ದೊಡ್ಡ ಔಷಧವಾಗಿದೆ. ಒಳಗೆ ಸುಣ್ಣದ ಗಾರೆ ಇರಲಿ. ಬೆಂಚು ಪೆಟ್ಟಿಗೆಯಂತೆ ಮುಚ್ಚಿರುವುದು ಬೇಡ, ಕಾಲಿನ ಮೇಲೆ ನಿಲ್ಲಲಿ. ಗೋಡೆಗೂ ಬೆನ್ನಿಗೂ ನಡುವೆ 2 ಇಂಚು ಬಿಡಿ. ಕೆಳಗೆ ಪೊರಕೆ ಆಡಬೇಕು, ಗಾಳಿಯೂ ಆಡಬೇಕು.

ಜಿಪ್ಸಮ್ ಸೀಲಿಂಗ್ ಖಂಡಿತ ಬೇಡ. ಅಡುಗೆಮನೆಗೆ ಮುಚ್ಚಿಗೆ ಹಾಕಿಸದೆ ಬಿಟ್ಟದ್ದು ಹಣ ಸಾಲದೆ ಅಲ್ಲ, ಹೊಗೆ ಮತ್ತು ಬಿಸಿ ಹಂಚಿನ ಸಂದಿಯಿಂದ ಹೊರಗೆ ಹೋಗಲಿ ಎಂದು. ಹಂಚು ಒಡೆದರೆ ಕೆಳಗೆ ನಿಂತವರಿಗೆ ತಕ್ಷಣ ಕಾಣುತ್ತದೆ. ಸೀಲಿಂಗ್ ಹಾಕಿದರೆ ಸೋರುವುದು ಗೊತ್ತಾಗುವಷ್ಟರಲ್ಲಿ ಜಿಪ್ಸಮ್ ಮೆತ್ತಗಾಗಿ ಜೋತು ಬಿದ್ದಿರುತ್ತದೆ, ಹಂಚು ಹೊರುವ ಪಕ್ಕಾಸು ರೀಪುಗಳಿಗೆ ಒರಲೆ ಹಿಡಿದದ್ದೂ ಕಾಣುವುದಿಲ್ಲ. ದಿನವೂ ಹೊಗೆ ಬೀಳುವುದು ನಿಂತ ಮೇಲಂತೂ ಮರದ ಮೇಲೆ ಕಣ್ಣಿಡಲೇಬೇಕು. ಅದರ ಬದಲು ಮಣೆಯ ಜಾಗದ ಮೇಲೆ ಎರಡು ಗಾಜಿನ ಹಂಚು ಹಾಕಿಸಿ. ಬೆಳಿಗ್ಗೆ ಮೆಟ್ಟುಕತ್ತಿಯ ಅಲಗಿನ ಮೇಲೆ ಬೆಳಕು ಬೀಳಲಿ. ಎರಡಕ್ಕಿಂತ ಹೆಚ್ಚು ಬೇಡ, ಏಪ್ರಿಲಿನಲ್ಲಿ ಸೆಕೆ ತಡೆಯಲಾಗದು. ಬದಲಿ ಹಂಚು ತರುವ ಮೊದಲು ಹಳೆಯ ಒಂದನ್ನು ಇಳಿಸಿ ಅದರ ಬೆನ್ನಿನ ಅಚ್ಚು ಓದಿ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಊರಿನಲ್ಲಿ ಅನೇಕ ಕಾರ್ಖಾನೆಗಳು ಎದ್ದವು, ಒಂದರ ಹಂಚು ಇನ್ನೊಂದರ ತೋಡಿನಲ್ಲಿ ಸರಿಯಾಗಿ ಕೂರುತ್ತದೆ ಎಂದು ಹೇಳಲಾಗದು. ಮಾದರಿಯನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.

ಗೋಡೆ ಕಪಾಟಿನ ಬದಲು ಒಂದು ನಾಗಂದಿಗೆ ಸಾಕು. ಕೆಂಪು ನೆಲವನ್ನು ಮುಟ್ಟಬೇಡಿ, ಬಿರುಕು ಇದ್ದಲ್ಲಿ ಮಾತ್ರ ಸರಿಪಡಿಸಿ.

ಮರದ ವಿಷಯ. ಪ್ಲೈವುಡ್ ಹಾಕುವುದಾದರೆ ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ಇದೆಯೇ ನೋಡಿ, ಅದು ನೀರಿಗೆ ತಡೆಯುವ ಮರೈನ್ ದರ್ಜೆ. ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡನ್ನು ಕರಾವಳಿಯ ಅಡುಗೆಮನೆಗೆ ತರಲೇಬೇಡಿ, ಒಂದು ಮಳೆಗಾಲಕ್ಕೆ ಅಂಚು ಉಬ್ಬುತ್ತದೆ. ಸಮುದ್ರದ ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲಿಗಿಂತ 316 ಹೆಚ್ಚು ಬಾಳುತ್ತದೆ, ಬಿಜಾಗರಿ ಕೊಳ್ಳುವಾಗ ಕೇಳಿ ನೋಡಿ. ಆದರೆ ಕೊಳ್ಳುವ ಮೊದಲು ನಿಮ್ಮ ಅಟ್ಟ ಹತ್ತಿ. ಈ ವಯಸ್ಸಿನ ಮನೆಯಲ್ಲಿ ಭತ್ತ ತುಂಬುವ ಹಳೆಯ ಪತ್ತಾಯದ ಹಲಗೆಯೋ, ಬಿಚ್ಚಿಟ್ಟ ಬಾಗಿಲೋ ಇದ್ದೇ ಇರುತ್ತದೆ. ಚೆನ್ನಾಗಿ ಒಣಗಿದ ಹಲಸಿನ ಹಲಗೆ ನಾಲ್ಕು ಅಡಿ ಸಿಕ್ಕಿದರೆ ನಿಮ್ಮ ಬೆಂಚು ಆಯಿತು. ಬಡಗಿ ಒಂದು ಸಲ ಉಜ್ಜುಗೊರಡು ಹಿಡಿದರೆ ಒಳಗಿನಿಂದ ಆ ಅರಸಿನ ಬಣ್ಣ ಹೊಸದಾಗಿ ಏಳುತ್ತದೆ. ಯಾವ ಲ್ಯಾಮಿನೇಟಿನಲ್ಲೂ ನಾನು ಅದನ್ನು ಕಂಡಿಲ್ಲ.

ವಿನ್ಯಾಸಕ ಹುಡುಗನಿಗೆ ಹೇಗೆ ಹೇಳುವುದು ಎಂದು ಕೇಳಿದ್ದೀರಿ. ಅವರದು ತಪ್ಪಿಲ್ಲ. ಅವರಿಗೆ ಕೆಲಸ ಒಪ್ಪಿಸಿದವರು ಬೆಂಗಳೂರಿನಿಂದ ಫೋನಿನಲ್ಲಿ ಒಪ್ಪಿಸಿದ್ದಾರೆ. ರಜೆಗೆ ಬರುವವರ ಕಣ್ಣಿಗೆ ಕಂಡ ಮೂಲೆಯನ್ನೇ ಅವರು ಬರೆದಿದ್ದಾರೆ. ‘ನಿಮ್ಮ ನಕ್ಷೆ ಚೆನ್ನಾಗಿಲ್ಲ’ ಎನ್ನಬೇಡಿ, ‘ನನಗೆ ಈ ಬಣ್ಣ ಇಷ್ಟವಿಲ್ಲ’ ಎಂಬಲ್ಲಿಂದಲೂ ಶುರು ಮಾಡಬೇಡಿ. ಕ್ಯಾಲೆಂಡರಿನ ಹಾಳೆಯನ್ನು ಕೊಟ್ಟು, ‘ಇಷ್ಟು ಕೆಲಸ ಇಲ್ಲಿ ನಡೆಯುತ್ತದೆ, ಇದಕ್ಕೆಲ್ಲ ಜಾಗ ಮಾಡಿಕೊಡಿ’ ಎನ್ನಿ. ಒಳ್ಳೆಯ ವಿನ್ಯಾಸಕರಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ. ನನ್ನ ಎಷ್ಟೋ ಒಳ್ಳೆಯ ಕೆಲಸಗಳು ಹೀಗೆ ಯಾರೋ ಒಬ್ಬ ಅಮ್ಮ ಕೊಟ್ಟ ಹಾಳೆಯಿಂದ ಹುಟ್ಟಿವೆ. ನಕ್ಷೆಯ ಶುಲ್ಕ ಬೇರೆ, ಸಾಮಾನಿನ ಲೆಕ್ಕ ಬೇರೆ ಎಂದು ಬರೆಸಿಕೊಳ್ಳಿ. ನಕ್ಷೆಯನ್ನು ಎಷ್ಟು ಸಲ ತಿದ್ದಿಕೊಡುತ್ತಾರೆ ಎಂಬುದನ್ನೂ ಕೇಳಿ.

ಮಗನಿಗೆ ಹೇಳಿ, ಮಳೆಗೆ ಮೊದಲು ಆಗಬೇಕಾದದ್ದು ಹೊರಗಿನ ಕಣಿ ಮತ್ತು ಹಂಚು, ಅಷ್ಟೇ. ಬೆಂಚು ದೀಪಾವಳಿಯ ನಂತರ. ತೇವ ತುಂಬಿದ ಗೋಡೆಯ ಮೇಲೆ ಸುಣ್ಣದ ಗಾರೆಯೂ ನಿಲ್ಲುವುದಿಲ್ಲ. ಜೂನಿನಿಂದ ಹದಿನೈದು ದಿನಕ್ಕೊಮ್ಮೆ ಪಡುಗೋಡೆಯಲ್ಲಿ ತೇವ ಎಲ್ಲಿಯವರೆಗೆ ಏರಿದೆ ಎಂದು ಪೆನ್ಸಿಲಿನಿಂದ ಒಂದು ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಕಣಿ ಕೆಲಸ ಮಾಡಿದೆಯೋ ಇಲ್ಲವೋ ಆ ಗೆರೆಗಳೇ ತೋರಿಸುತ್ತವೆ.

ಅಷ್ಟಮಿಯ ದಿನ ವಿನ್ಯಾಸಕರನ್ನು ಮನೆಗೆ ಕರೆಯಿರಿ. ಮಧ್ಯಾಹ್ನದ ಊಟಕ್ಕಲ್ಲ, ಒಲೆಗೆ ಬೆಂಕಿ ಹಾಕುವ ಹೊತ್ತಿಗೆ. ಯಾರು ಎಲೆ ಸುತ್ತುತ್ತಾರೆ, ಹಿಟ್ಟಿನ ಪಾತ್ರೆ ಎಲ್ಲಿರುತ್ತದೆ, ಹಬೆಯಲ್ಲಿ ಬೇಯಿಸುವ ಅಟ್ಟಿನಳಗೆಯನ್ನು ಇಳಿಸಲು ಎಷ್ಟು ಜಾಗ ಬೇಕು, ಎಲ್ಲವನ್ನೂ ಅವರು ಕಣ್ಣಾರೆ ನೋಡಲಿ. ಅವರಿಗೂ ಒಂದು ಮಣೆ ಹಾಕಿ, ಅತ್ತೆಯವರ ಪಕ್ಕದಲ್ಲೇ.

ಪ್ರಶ್ನೆ: ನಮ್ಮ ಅಡುಗೆಮನೆಯ ಮೂಲೆಯ ಬೆಂಚಿಗೆ ಹಾಕಿದ ಮೆತ್ತೆ ಪ್ರತಿ ಮಳೆಗಾಲ ವಾಸನೆ ಬರುತ್ತದೆ. ಯಾವ ಬಟ್ಟೆ ಹಾಕಿಸಲಿ?
— ಓದುಗರೊಬ್ಬರು, ಕುದ್ರೋಳಿ, ಮಂಗಳೂರು

ಉತ್ತರ: ಬಟ್ಟೆಗಿಂತ ಒಳಗಿನ ಸ್ಪಂಜು ತೇವ ಹಿಡಿಯುತ್ತಿದೆ. ಮೇಲುಚೀಲ ಬಿಚ್ಚಿ ಒಗೆಯುವಂತಿರಲಿ, ಮೆತ್ತೆ ಎರಡು ಇಂಚಿಗಿಂತ ದಪ್ಪ ಬೇಡ. ಬೆಂಚಿನ ಹಲಗೆಗಳ ನಡುವೆ ಕಿರುಬೆರಳಿನಷ್ಟು ಸಂದಿ ಬಿಡಿಸಿ. ಮೇ ಕೊನೆಗೆ ಮೆತ್ತೆಯನ್ನು ಎರಡು ಮೂರು ಬಿಸಿಲು ಕಾಯಿಸಿ ಕಟ್ಟಿಡಿ. ಮಳೆಯ ನಾಲ್ಕು ತಿಂಗಳು ಬೆಂಚಿನ ಅಳತೆಗೆ ಕತ್ತರಿಸಿ ಅಂಚು ಹೊಲಿಸಿದ ಮುಂಡೇವು (ಕೇದಗೆ ಜಾತಿಯ ಗಿಡ) ಎಲೆಯ ಚಾಪೆ ಹಾಸಿ. ಚೆಲ್ಲಿದ ಸಾರು ಒರೆಸಿದರೆ ಹೋಗುತ್ತದೆ, ಒಲೆಯ ಬಳಿ ನಿಲ್ಲಿಸಿದರೆ ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತದೆ.